ಹನ್ನೊಂದನೆಯ ರೀಲು

ಬಾವಿಯ ಕಟ್ಟೆಯ ಮೇಲೆ ಒಂದು ಜೊತೆ ಚಪ್ಪಲಿ ಕಂಡಾಗ ಶೇಷಗಿರಿಗೆ ಮೊದಲು ಅನ್ನಿಸಿದ್ದು, ಇದು ನಾನು ನೋಡಿದ ಪಿಕ್ಚರ್ ಅಲ್ಲ ಎಂದು. ಕಪ್ಪು ಬಿಳುಪಿನ ಪರದೆಯ ಮೇಲೆ ನಾಲ್ಕು ಜನ ಹಗ್ಗ ಜಗ್ಗುತ್ತಿದ್ದರು. ಹಗ್ಗದ ತುದಿಗೆ ಏನು ಬರುತ್ತಿದೆ ಎಂದು ತೋರಿಸದೆ ಕ್ಯಾಮೆರಾ ಸುಮ್ಮನೆ ಆ ಚಪ್ಪಲಿಗಳನ್ನೇ ನೋಡುತ್ತ ನಿಂತಿತ್ತು. ಕಟ್ಟೆಗೆ ಒರಗಿ ಕೂತಿದ್ದ ರೋಹಿಣಿ, ಅಂದರೆ ಕಥಾನಾಯಕಿ, ಕೈ ಚಾಚಿ ಅವನ್ನು ಎತ್ತಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ರಾಯಚೂರಿನ ಆ ಸಭಾಂಗಣದಲ್ಲಿ, ಭಾನುವಾರ ಬೆಳಗಿನ ಹನ್ನೊಂದು ಗಂಟೆಗೆ, ಕಿಟಕಿಗಳಿಗೆ ಕರಿ ಬಟ್ಟೆ ಕಟ್ಟಿ ಮಾಡಿದ ಕತ್ತಲಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದ ಶೇಷಗಿರಿ ತನ್ನ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ಹಿಂದೆ ನೂರಿಪ್ಪತ್ತು ಜನ ಇದ್ದರು. ಪ್ರತಿಯೊಬ್ಬರ ತೊಡೆಯ ಮೇಲೂ ಅವನ ಲೇಖನದ ಝೆರಾಕ್ಸ್ ಇತ್ತು. ನಾಯಕಿಯ ಹಿಂದಿನ ಕಥೆ ಹೇಳುವ ಇಂಥದೊಂದು ದೃಶ್ಯ ಈ ಚಿತ್ರದಲ್ಲಿ ಇಲ್ಲವೇ ಇಲ್ಲ, ಅದಿಲ್ಲದ್ದೇ ಚಿತ್ರದ ದೊಡ್ಡ ದೋಷ ಎಂದು ಆ ಲೇಖನದ ಮೂರನೆಯ ಪುಟದಲ್ಲಿ ಅವನೇ ಬರೆದಿದ್ದ.

'ದೂಸ್ರೀ ಚಾಬಿ', ಅಂದರೆ ಎರಡನೆಯ ಕೀಲಿಕೈ. ಈ ಹಿಂದಿ ಚಿತ್ರದ ಬಗ್ಗೆ ಜಿಲ್ಲೆಯಲ್ಲಿ ಮಾತಾಡುವ ಹಕ್ಕು ಯಾರಿಗಾದರೂ ಇದ್ದರೆ ಅದು ತನಗೆ ಎಂದು ಶೇಷಗಿರಿ ಮೂವತ್ತು ವರ್ಷಗಳಿಂದ ನಂಬಿಕೊಂಡು ಬಂದವನು. ಮಾನ್ವಿಯ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡುತ್ತ, ನೋಟ್ಸು ತಿದ್ದುತ್ತ, ಉಳಿದ ಹೊತ್ತಿನಲ್ಲಿ ಅವನು ಬರೆದದ್ದು ಬಹಳ ಇಲ್ಲ. ಆದರೆ ಒಂದು ಮಾಸಪತ್ರಿಕೆಯಲ್ಲಿ ಬಂದ 'ಕಾರಣವಿಲ್ಲದ ಕರುಣೆ' ಎಂಬ ಆ ಒಂದು ಲೇಖನ ಅವನಿಗೆ ಹೆಸರು ತಂದುಕೊಟ್ಟಿತ್ತು. ಮದುವೆಮನೆಗಳಲ್ಲಿ ಕೂಡ ಜನ ಅವನನ್ನು ಪಿಕ್ಚರ್ ಬಗ್ಗೆ ಬರೀತಾರಲ್ಲ ಅವರು ಎಂದು ಪರಿಚಯ ಮಾಡಿಕೊಡುತ್ತಿದ್ದರು, ಅವನು ಬೇಡವೆಂಬಂತೆ ಕೈಯಾಡಿಸಿ ಒಳಗೊಳಗೇ ಹಿಗ್ಗುತ್ತಿದ್ದ. ಕೀಲಿ ಹಾಕಿದ ಕೋಣೆಯಲ್ಲಿ ಸತ್ತು ಬಿದ್ದ ಸೇಠ, ಪೊಲೀಸ್ ಕೆಲಸ ಬಿಟ್ಟ ಉದ್ದ ಕೋಟಿನ ಪತ್ತೇದಾರ, ಟೈಪಿಸ್ಟ್ ರೋಹಿಣಿಯ ಕೈಚೀಲದಲ್ಲಿ ಆ ಕೋಣೆಯ ಎರಡನೆಯ ಕೀಲಿಕೈ, ನಡುನಡುವೆ ನಗಿಸಲು ಒಬ್ಬ ಪೆದ್ದು ಪೊಲೀಸಪ್ಪ. ಕೊನೆಗೆ ರೈಲು ನಿಲ್ದಾಣದಲ್ಲಿ ಪತ್ತೇದಾರ ಅವಳಿಂದ ಕೀಲಿಕೈ ಇಸಿದುಕೊಂಡು ಹಳಿಯ ಮೇಲೆ ಎಸೆದು, ಹೋಗು ಎನ್ನುತ್ತಾನೆ. ಯಾಕೆ? ಕೊಲೆ ಮಾಡಿದವಳನ್ನು ಅವನು ಯಾಕೆ ಬಿಟ್ಟ? ಅದನ್ನೇ ಶೇಷಗಿರಿ ಕೇಳಿದ್ದ. ಮೆಟ್ಟಿಲ ಮೇಲೆ ಬೀಳುವ ಕಂಬಿಗಳ ನೆರಳು, ಅರ್ಧ ಮುಖಕ್ಕೆ ಮಾತ್ರ ಬೀಳುವ ಬೆಳಕು, ಯಾರನ್ನೂ ಪೂರಾ ಒಳ್ಳೆಯವರೆಂದು ನಂಬಲು ಬಿಡದ ಆ ಹೊಗೆ, ಇವನ್ನೆಲ್ಲ ಎರಡು ಪುಟ ಹೊಗಳಿ, ಮೂರನೆಯ ಪುಟದಲ್ಲಿ, ಈ ಕರುಣೆಗೆ ಕಾರಣ ಕೊಡಲು ನಿರ್ದೇಶಕನಿಗೆ ಬರಲಿಲ್ಲ ಎಂದು ಮುಗಿಸಿದ್ದ. ಚಿತ್ರವನ್ನು ಅವನು ನೋಡಿದ್ದು ಒಂದೇ ಸಲ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ದೇವದುರ್ಗದ ತಗಡಿನ ಟಾಕೀಸಿನಲ್ಲಿ, ಅವ್ವನ ಜೊತೆ. ಆಮೇಲೆ ಪ್ರಿಂಟು ಎಲ್ಲೂ ಇಲ್ಲ ಎಂದಾಯಿತು. ಈಗ ಯಾರೋ ಪುಣ್ಯಾತ್ಮರು ಹುಡುಕಿ ತೆಗೆದು, ಗೆರೆ ಒರೆಸಿ, ಪೂರ್ತಿ ಚಿತ್ರ ಎಂದು ಹೊರಗೆ ಬಿಟ್ಟಿದ್ದರು.

ಅವನಿಗೆ ನೆನಪಿನ ಮೇಲೆ ಭಾರಿ ಹೆಮ್ಮೆ ಬೇರೆ. ಲೇಖನ ಬಂದ ವರ್ಷ ಮಲ್ಲಟದಿಂದ ಶರಣಯ್ಯ ಎಂಬುವರು ಒಂದು ಕಾರ್ಡು ಬರೆದಿದ್ದರು. ಆ ಹುಡುಗಿಯ ಗಂಡ ಸುಳ್ಳು ಆರೋಪ ಹೊತ್ತು ಬಾವಿಗೆ ಬಿದ್ದದ್ದು, ಅದಕ್ಕೆ ಸೇಠನೇ ಕಾರಣನಾದದ್ದು ಪಿಕ್ಚರಿನಲ್ಲಿ ಇದೆಯಲ್ಲ, ತಾವು ಮರೆತಿರಬೇಕು, ತಪ್ಪು ತಿಳಿಯಬಾರದು ಎಂದು ಬಹಳ ವಿನಯದಿಂದ. ಬಾವಿ ಎಂಬ ಮಾತು ಓದಿದ್ದೇ ಶೇಷಗಿರಿಯ ಮೈ ಉರಿದುಹೋಗಿತ್ತು. ದೇವದುರ್ಗದ ಕಡೆಯವನು, ಅಪ್ಪನ ಸಂಗತಿ ಗೊತ್ತಿದ್ದವನು, ಬೇಕಂತಲೇ ಚುಚ್ಚುತ್ತಿದ್ದಾನೆ ಎಂದುಕೊಂಡ. 'ತಮ್ಮ ನೆನಪು ಬೇರೆ ಯಾವುದೋ ಕಥೆಯೊಂದಿಗೆ ಕಲಸಿಹೋಗಿದೆ, ಇನ್ನು ಮುಂದೆ ನೋಡಿ ಬರೆಯಿರಿ' ಎಂದು ಅದೇ ದಿನ ಉತ್ತರ ಹಾಕಿದ್ದ. ಶರಣಯ್ಯ ಮತ್ತೆ ಬರೆಯಲಿಲ್ಲ. ಈಗ ಪರದೆಯ ಮೇಲೆ ಹಗ್ಗ ಮೇಲೆ ಬರುತ್ತಿತ್ತು, ರೋಹಿಣಿ ಮಡಿಲ ಚಪ್ಪಲಿಗಳ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು, ಮತ್ತು ಶೇಷಗಿರಿ ಮಲ್ಲಟದ ಆ ಮನುಷ್ಯ ಇನ್ನೂ ಬದುಕಿರಬಹುದೇ ಎಂದು ಯೋಚಿಸುತ್ತಿದ್ದ.

ಅಪ್ಪ ವೆಂಕೋಬ ಮಾಸ್ತರು. ಪರೀಕ್ಷೆಯ ಪ್ರಶ್ನೆಪತ್ರಿಕೆಯ ಲಕೋಟೆ ಹಿಂದಿನ ದಿನವೇ ಒಡೆದಿತ್ತು, ಒಡೆದವರು ಇವರೇ ಎಂದು ಮೇಲಿನವರು ಬರೆದರು, ಕೆಲಸದಿಂದ ದೂರ ಇಟ್ಟರು. ಹದಿನೈದು ದಿನ ಅವರು ಸಂಧ್ಯಾವಂದನೆ ಮಾಡಿ ಉಂಡು ಜಗುಲಿಯಲ್ಲಿ ಕೂತರು. ಹದಿನಾರನೆಯ ದಿನ ಬೆಳಿಗ್ಗೆ ಊರ ಹೊರಗಿನ ಬಾವಿ. ಕಾಲು ಜಾರಿತು ಎಂದರು ಮನೆಯವರು. ಊರು ಏನೂ ಅನ್ನಲಿಲ್ಲ, ಅದೇ ಹೆಚ್ಚು ನೋವು. ಶೇಷಗಿರಿ ಆಗ ರಾಯಚೂರಿನ ಕಾಲೇಜಿನಲ್ಲಿದ್ದ, ಸುದ್ದಿ ಮುಟ್ಟಿ ಬಸ್ಸು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೇಲೆ ತಂದವರು ಯಾರು, ಅವ್ವ ಅಲ್ಲಿ ಇದ್ದಳೋ ಇಲ್ಲವೋ, ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವಳು ಏನನ್ನೂ ಹೇಳುತ್ತಿರಲಿಲ್ಲ. ಎಂಟು ತಿಂಗಳು ಅನಸೂಯಾಬಾಯಿ ನಿದ್ದೆ ಮಾಡಲಿಲ್ಲ. ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು, ಕರೆದರೆ ಎದ್ದು ಅಡುಗೆ ಮಾಡುತ್ತಿದ್ದಳು, ಮತ್ತೆ ಹೋಗಿ ಕೂತುಬಿಡುತ್ತಿದ್ದಳು. ಕಡೆಗೆ ಪಕ್ಕದ ಮನೆಯ ಕಮರುನ್ನೀಸಾ ಒಂದು ದಿನ ಬಾಗಿಲಲ್ಲಿ ನಿಂತು, "ಶೇಷಣ್ಣಾ, ಹಿಂಗs ಬಿಟ್ರ ಹುಚ್ಚು ಹಿಡಿತದ ನಿಮ್ಮವ್ವಗ. ಮ್ಯಾಟಿನೀಗೆ ಕರಕೊಂಡು ಹೋಗೋಣು. ಮಂದಿ ಏನರ ಅಂದ್ರ ನನಗ ಅನ್ಲಿ, ನಾ ಎಳಕೊಂಡು ಹೋದೆ ಅಂತ ಹೇಳ್ರಿ" ಎಂದಳು.

ಹಾಗೆ ಹೋದದ್ದು. ಗಂಡ ಸತ್ತು ವರ್ಷ ತುಂಬಿಲ್ಲ, ಮಠದ ಓಣಿಯ ಹೆಂಗಸು ಸಿನಿಮಾಕ್ಕೆ! ಓಣಿಯ ಕಿಟಕಿಗಳು ಒಂದೊಂದಾಗಿ ತೆರೆದದ್ದು ಶೇಷಗಿರಿಗೆ ಇವತ್ತಿಗೂ ನೆನಪಿದೆ. ಹೆಂಗಸರ ಕಡೆ ಅರ್ಧ ಗೋಡೆಯ ಆಚೆ ಅವರಿಬ್ಬರು, ಇತ್ತ ಬೆಂಚಿನ ಮೇಲೆ ಇವನು. ಅವ್ವನಿಗೆ ಹಿಂದಿ ಅಷ್ಟಕ್ಕಷ್ಟೇ, ಕಮರುನ್ನೀಸಾ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು. ಟಾಕೀಸಿನಲ್ಲಿ ಇದ್ದದ್ದು ಒಂದೇ ಮಷಿನ್ನು. ಹತ್ತು ಹತ್ತು ನಿಮಿಷಕ್ಕೆ ರೀಲು ಮುಗಿದಾಗ ಪರದೆ ಬೆಳ್ಳಗಾಗುವುದು, ಜನ ಸಿಳ್ಳೆ ಹಾಕುವುದು, ಮುಂದಿನ ರೀಲು ಏರುವುದು. ಒಂದು ಸಲ ಮಾತ್ರ ಆ ಬಿಳಿ ಪರದೆ ಹೋಗಲೇ ಇಲ್ಲ. ಎರಡು ನಿಮಿಷ, ಮೂರು ನಿಮಿಷ. ಶೇಷಗಿರಿಗೆ ಅಪ್ಪ ಸತ್ತ ಮೇಲೆ ಯಾರ ಮೇಲಾದರೂ ಕೂಗಾಡಬೇಕಿತ್ತು, ಸಿಕ್ಕಿರಲಿಲ್ಲ. ಬೆಂಚಿನ ಮೇಲೆ ಹತ್ತಿ ನಿಂತು ಹಿಂದಿನ ಕಿಂಡಿಯತ್ತ ತಿರುಗಿ, "ಮಕ್ಕೊಂಡಿಯೇನಲೇ ಆಪರೇಟರಾ!" ಎಂದು ಗಂಟಲು ಹರಿಯುವಂತೆ ಒದರಿದ. ಟಾಕೀಸೆಲ್ಲ ನಕ್ಕಿತು. ಪರದೆಯ ಮೇಲೆ ಮತ್ತೆ ಚಿತ್ರ ಬಂತು.

ಸಭಾಂಗಣದ ದೀಪ ಹತ್ತಿದಾಗ ಶೇಷಗಿರಿ ಕಣ್ಣು ಕಿರಿದು ಮಾಡಿದ. ರೈಲು ನಿಲ್ದಾಣದ ಕೊನೆಯ ದೃಶ್ಯ ಈಗ ಅವನಿಗೆ ಬೇರೆಯೇ ಆಗಿ ಕಂಡಿತ್ತು. ಪತ್ತೇದಾರ ಕೀಲಿಕೈ ಎಸೆಯುವ ಮೊದಲು ರೋಹಿಣಿಯ ಪೆಟ್ಟಿಗೆ ತೆರೆದು ಆ ಚಪ್ಪಲಿಗಳನ್ನು ನೋಡುತ್ತಾನೆ, ಮುಚ್ಚುತ್ತಾನೆ, ಅಷ್ಟೇ. ಆ ನೋಟ ಹಿಂದೆಯೂ ಇದ್ದಿರಬೇಕು. ಚಪ್ಪಲಿಯ ಕಥೆ ಗೊತ್ತಿಲ್ಲದವನಿಗೆ ಅದು ಕಂಡಿರಲಿಲ್ಲ. ಹಿಂದಿನ ಸಾಲಿನಲ್ಲಿ ಹಾಳೆ ಸರಕ್ ಎನ್ನುವ ಸದ್ದು. ಯಾರೋ ಹುಡುಗಿ ಪಿಸುಗುಟ್ಟಿದಳು, "ಏ, ಮೂರನೇ ಪೇಜ್ ನೋಡಬೇ. ಸರ್ ಪಿಕ್ಚರ್ ನೋಡೇ ಬರದಾರೋ, ಹಂಗs ಬರದಾರೋ?" ಕಿಸಿಕ್ಕನೆ ನಗು. ಅರವತ್ತನಾಲ್ಕು ವರ್ಷದ ಶೇಷಗಿರಿ ಕುರ್ಚಿಯಲ್ಲಿ ಇನ್ನಷ್ಟು ಕೆಳಕ್ಕೆ ಜಾರಿ, ತನ್ನ ತೊಡೆಯ ಮೇಲಿನ ಝೆರಾಕ್ಸನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ತುರುಕಿದ. ಸಭೆಯನ್ನು ಏರ್ಪಡಿಸಿದ ವಿಶಾಖಾ, ಕಾಲೇಜಿನ ಹೊಸ ಲೆಕ್ಚರರ್, ಓಡೋಡಿ ಬಂದು, "ಸರ್, ಹತ್ತು ನಿಮಿಷ ಚಹಾ. ಆಮ್ಯಾಲ ಹುಸೇನಪ್ಪ ಅವರಿಗೆ ಸನ್ಮಾನ, ಅದಾದ ಕೂಡ್ಲೇ ನಿಮ್ಮ ಮಾತು. ನಿಮ್ಮ ಲೇಖನ ಎಲ್ಲರಿಗೂ ಕೊಟ್ಟೀನಿ, ನೋಡಿದ್ರಲ್ಲ?" ಎಂದಳು. ಪಾಪ, ಅವಳ ಮುಖದಲ್ಲಿ ಕುಹಕ ಇರಲಿಲ್ಲ, ಗಾಬರಿ ಇತ್ತು. ಅವಳೂ ಮೂರನೆಯ ಪುಟ ಓದಿದ್ದಳು.

ಮನೆಗೆ ಹೋಗಿಬಿಡೋಣ ಎನ್ನಿಸಿತು. ಬಿಪಿ ಎಂದರೆ ಯಾರೂ ಇಲ್ಲ ಅನ್ನುವುದಿಲ್ಲ, ಮಾನ್ವಿಗೆ ಅರ್ಧ ಗಂಟೆಗೊಂದು ಬಸ್ಸು. ಅದನ್ನೇ ಯೋಚಿಸುತ್ತ ವರಾಂಡಕ್ಕೆ ಬಂದಾಗ, ಬೇವಿನ ಗಿಡದ ನೆರಳಲ್ಲಿ ಬೆಂಚಿನ ಮೇಲೆ ಹುಸೇನಪ್ಪ ಚಹಾದ ಲೋಟ ಹಿಡಿದು ಕೂತಿದ್ದ. ಎಂಬತ್ತರ ಹತ್ತಿರದ ಮುದುಕ, ತಲೆಗೆ ಸುತ್ತಿದ ಬಿಳಿ ಪಟಕಾ, ಇಸ್ತ್ರಿ ಮಾಡಿದ ಬಿಳಿ ಅಂಗಿ. ದೇವದುರ್ಗದ ಟಾಕೀಸಿನ ಆಪರೇಟರ್ ಅವನೇ. ಟಾಕೀಸು ಮುಚ್ಚಿದ ಮೇಲೆ ಗುಂಜಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಮೊಮ್ಮಗಳು ಮಲ್ಲಿಕಾ ಸ್ವಲ್ಪ ದೂರದಲ್ಲಿ ಮೊಬೈಲು ಹಿಡಿದು, ಅಜ್ಜನ ಸನ್ಮಾನದ ವಿಡಿಯೊ ಎಲ್ಲಿಂದ ತೆಗೆದರೆ ಚೆನ್ನ ಎಂದು ನೋಡುತ್ತಿದ್ದಳು. ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು: 'ನಲವತ್ತು ವರ್ಷ, ಒಂದು ರೀಲನ್ನೂ ಬಿಡದೆ ತೋರಿಸಿದ ಹಿರಿಯರು.' ಅದು ಸುಮ್ಮನೆ ಹೇಳಿದ ಮಾತಲ್ಲ. ಆಗ ಸುತ್ತಲಿನ ಊರುಗಳಲ್ಲೆಲ್ಲ ದಿನಕ್ಕೆ ಒಂದು ಆಟ ಹೆಚ್ಚು ಹಿಡಿಯಲೆಂದು ಮಾಲೀಕರು ಉದ್ದದ ಪಿಕ್ಚರಿನಿಂದ ಒಂದೆರಡು ರೀಲು ಬಿಡಿಸುತ್ತಿದ್ದರು. ಹುಸೇನಪ್ಪ ಮಾತ್ರ ಮಾಲೀಕನ ಎದುರು ನಿಂತು, ನನ್ನ ಕೈಯಿಂದ ಆಗೂದಿಲ್ಲ, ಬೇರೆಯವನನ್ನ ನೋಡ್ಕೋರಿ ಎಂದವನು. ಇದು ಮೂರು ತಾಲೂಕಿಗೆ ಗೊತ್ತಿದ್ದ ಸಂಗತಿ. ಅದಕ್ಕೇ ಶೇಷಗಿರಿ ಆ ಚಿತ್ರವನ್ನು ತಾನು ಪೂರ್ತಿ ನೋಡಿದ್ದೇನೆ ಎಂದು ಒಂದು ದಿನವೂ ಸಂಶಯ ಪಡಲಿಲ್ಲ.

"ಬರ್ರಿ ಸಾರ್, ಕುಂದರ್ರಿ" ಎಂದು ಹುಸೇನಪ್ಪ ಜಾಗ ಮಾಡಿದ. ಶೇಷಗಿರಿ ಕೂತ. ಏನು ಕೇಳಬೇಕೋ ತಿಳಿಯದೆ, "ಆ ಬಾವಿ…" ಎಂದ. ಮುದುಕ ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಮೊಮ್ಮಗಳು ದೂರ ಇದ್ದಾಳೆಯೇ ಎಂದು ನೋಡಿಕೊಂಡ.

"ಆ ರೀಲು ನಾನs ಬಿಟ್ಟಿದ್ದೆರೀ. ಹನ್ನೊಂದನೇದು. ಅದೊಂದs ಆಟಕ್ಕ."

ಶೇಷಗಿರಿ ಅವನತ್ತ ತಿರುಗಿ ಕೂತ.

"ಎರಡು ದಿನ ಆಡಿಸಿದ್ದೆ, ಅದರಾಗ ಏನದ ಅಂತ ನನಗ ಗೊತ್ತಿತ್ತು. ಮೂರನೇ ದಿನ ಮ್ಯಾಟಿನೀಗೆ ಅವ್ವಾರು ಬಂದ್ರು. ಹತ್ತು ಮುಗೀತು. ಹನ್ನೊಂದು ಕೈಯಾಗ ಹಿಡಕೊಂಡು ಕಿಂಡಿಯಿಂದ ನೋಡಿದೆ. ಅವ್ವಾರು ನಗಾಕತ್ತಿದ್ರು. ಆ ಪೊಲೀಸಪ್ಪನ ಪೇಚಾಟ ಇತ್ತಲ್ಲ, ಅದನ್ನ ನೆನಿಸಿಕೊಂಡು ಬಾಯಿಗೆ ಸೆರಗು ಇಟಗೊಂಡು ನಗಾಕತ್ತಿದ್ರು. ಕೈ ಬರ್ಲಿಲ್ಲ ನೋಡ್ರಿ. ನಿಂತೆ, ನಿಂತೆ. ಡಬ್ಬಿಗೆ ಹಾಕಿದೆ, ಹನ್ನೆರಡು ಏರಿಸಿದೆ."

"ಅಪ್ಪನ ಸಂಗತಿ ನಿಮಗ…"

"ಯಪ್ಪಾ, ಮಾಸ್ತರನ್ನ ಮ್ಯಾಲ ತಂದಾವ ನಾನs." ಹುಸೇನಪ್ಪ ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡ. "ಬಾವಿಗೆ ಇಳಿಯೋ ಧೈರ್ಯ ಯಾರಿಗೂ ಇರ್ಲಿಲ್ಲ. ನನಗ ಅಕ್ಷರ ಕಲಿಸಿದಾವರು, ಬಿಡಾಕ ಬರ್ತದೇನ್ರಿ? ಮ್ಯಾಲ ಬಂದು ನೋಡ್ತೀನಿ, ಅವ್ವಾರು ಕಟ್ಟಿಗೆ ಒರಗಿ ಕುಂತಾರ, ಚಪ್ಪಲಿ ಮಡಿಲಾಗ ಇಟಗೊಂಡು ಸೆರಗಲೆ ಒರಸಾಕತ್ತ್ಯಾರ. ಥೇಟ್ ಹಂಗs. ಪಿಕ್ಚರಿನ್ಯಾಗ ಮೊದಲನೇ ದಿನ ಅದು ಬಂದಾಗ ನನಗs ಗಾಬರಿ ಆಗಿತ್ತು, ಇವರಿಗೆ ಯಾರು ಹೇಳಿದ್ರಪಾ ಅಂತ."

ಬೇವಿನ ಎಲೆ ಒಂದು ಚಹಾದ ಲೋಟಕ್ಕೆ ಬಿತ್ತು. ಶೇಷಗಿರಿ ಅದನ್ನು ತೆಗೆಯಲು ಬಗ್ಗಿದವನು ಹಾಗೇ ಬಗ್ಗಿಕೊಂಡೇ ಇದ್ದ. ಅರ್ಧ ಗಂಟೆಯ ಹಿಂದೆ ಪರದೆಯ ಮೇಲೆ ತಾನು ನೋಡಿದ್ದು ರೋಹಿಣಿಯನ್ನಲ್ಲ. ಸುದ್ದಿ ಮುಟ್ಟಿ ಬಸ್ಸು ಹಿಡಿಯುವಷ್ಟರಲ್ಲಿ ತಪ್ಪಿಹೋದ ಬೆಳಗು ಅದು. ಆವತ್ತು ಟಾಕೀಸಿನಲ್ಲಿ ಅವ್ವ ಅದನ್ನು ನೋಡಿದ್ದರೆ? ಮಠದ ಓಣಿಯ ಕಿಟಕಿಗಳ ಎದುರು ಅವಳನ್ನು ಎಬ್ಬಿಸಿಕೊಂಡು ಹೊರಟವನು ತಾನೇ. ಆದರೆ ಆವತ್ತು ಟಾಕೀಸಿನಿಂದ ಮನೆಗೆ ಬರುತ್ತ ಅವ್ವ ಎಂಟು ತಿಂಗಳಲ್ಲಿ ಮೊದಲ ಸಲ ತಾನಾಗಿ ಮಾತಾಡಿದಳು. "ಆ ಹುಡುಗಿನ್ನ ಬಿಟ್ಟದ್ದು ಛಲೋ ಆತು ನೋಡೋ ಶೇಷ್ಯಾ." ಯಾಕ ಬಿಟ್ಟ ಅಂತ ಹೇಳಲೇ ಇಲ್ಲಲ್ಲ ಎಂದು ಇವನು ಆಗಲೇ ವಿಮರ್ಶಕನಾಗಿ ತಕರಾರು ತೆಗೆದ. "ಬಿಡಬೇಕನಿಸ್ತು, ಬಿಟ್ಟಾ. ಎಲ್ಲಾದಕ್ಕೂ ಕಾರಣ ಹೇಳ್ಕೋತ ಕೂಡ್ತಾರೇನು?" ಎಂದು ಅವ್ವ ನಕ್ಕಿದ್ದಳು. ಮರುದಿನ ಹಾಲಿನವಳು ಬಾಗಿಲು ಬಡಿದರೂ ಅವ್ವನಿಗೆ ಎಚ್ಚರವಿರಲಿಲ್ಲ. ಏನಾಯಿತೋ ಎಂದು ಅವನು ಹೆದರಿ ಹೋಗಿ ಬಗ್ಗಿ ನೋಡಿದರೆ ಸಣ್ಣಗೆ ಗೊರಕೆ. ಆ ವರ್ಷವೇ ಮಾನ್ವಿಗೆ ಬಂದರು, ಅವ್ವ ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವ ಕೆಲಸ ಹಿಡಿದಳು, ಆರು ವರ್ಷದ ಹಿಂದೆ ಸಾಯುವ ತನಕ ಆ ಪೊಲೀಸಪ್ಪನ ಪೇಚಾಟವನ್ನು ನಟಿಸಿ ತೋರಿಸುತ್ತ ಬಂದಳು. ಆ ಹಾಸ್ಯದ ಪಾತ್ರ ಚಿತ್ರಕ್ಕೆ ಅನವಶ್ಯಕ ಎಂದು ಅವನು ಅದೇ ಮೂರನೆಯ ಪುಟದಲ್ಲಿ ಬರೆದಿದ್ದ.

"ಇಷ್ಟು ವರ್ಷ ಯಾಕ ಹೇಳ್ಲಿಲ್ಲರೀ?"

"ಏನಂತ ಹೇಳ್ಲಿ? ನಿಮ್ಮವ್ವಾರ ಸಲುವಾಗಿ ಪಿಕ್ಚರ್ ಕಡದೀನಿ ಅಂತನಾ?" ಹುಸೇನಪ್ಪ ಜೇಬಿನಿಂದ ಝೆರಾಕ್ಸ್ ತೆಗೆದು ಮೊಣಕಾಲ ಮೇಲೆ ನೀವಿದ. "ಬೆಳಿಗ್ಗೆ ಕೂಸು ಓದಿ ಹೇಳ್ತು. ಅಯ್ಯೋ, ನನ್ನಿಂದ ಸಾರಿನ ಬರವಣಿಗಿ ತಪ್ಪಾತಲ್ಲ ಅಂತ ಅನಿಸ್ತು. ನೀವು ಬೇಕಂದ್ರ ಸಭಾದಾಗ ಹೇಳಿಬಿಡ್ರಿ, ಆಪರೇಟರ್ ರೀಲ್ ಬಿಟ್ಟಿದ್ದ ಅಂತ. ಖರೇನs ಅದ. ಸುಳ್ಳೇನಲ್ಲ." ಹೇಳುವುದು ಹೇಳಿದ, ಆದರೆ ಕಣ್ಣು ಮೊಮ್ಮಗಳ ಕಡೆಗೆ ಹೋಯಿತು. ಆಮೇಲೆ ಏನೋ ನೆನಪಾಗಿ ಹಲ್ಲಿಲ್ಲದ ಬಾಯಿ ತುಂಬ ನಕ್ಕ. "ಆವತ್ತು ಬೆಂಚಿ ಹತ್ತಿ ಒದರಿದ್ರಲ್ಲ! ಮ್ಯಾಲಿಂದ ನೋಡಿದೆ, ಯಾವನಪಾ ಇಂವ ಅಂತ. ನೋಡಿದ್ರ ಮಾಸ್ತರ ಮಗಾ!"

ಒಳಗೆ ಶಾಲು ಹೊದಿಸಿದರು, ಹಾರ ಹಾಕಿದರು. ವಿಶಾಖಾ ಮೈಕಿನಲ್ಲಿ ಒಂದು ರೀಲನ್ನೂ ಬಿಡದೆ ಎಂದು ಓದಿದಾಗ ಚಪ್ಪಾಳೆ ಬಿತ್ತು, ಹುಸೇನಪ್ಪ ತಲೆ ತಗ್ಗಿಸಿದ, ಮಲ್ಲಿಕಾ ಮೊಬೈಲು ಎತ್ತಿ ಹಿಡಿದಳು. ಶೇಷಗಿರಿ ಮೈಕಿನ ಮುಂದೆ ಬಂದು ನಿಂತ. ಒಂದು ಮಾತು ಹೇಳಿದರೆ ಸಾಕು, ಮೂವತ್ತು ವರ್ಷದ ಹೆಸರು ಉಳಿಯುತ್ತದೆ, ಅದೂ ಸುಳ್ಳಲ್ಲ, ಮುದುಕನೇ ಅಪ್ಪಣೆ ಕೊಟ್ಟಿದ್ದಾನೆ. ಅವನು ಆ ಮಾತಿಗೆ ಹೋಗದೆ ಸುತ್ತಲೇ ಆಡಿದ. ಈ ಚಿತ್ರದಲ್ಲಿ ಮಳೆ ಬರೀ ಬಾಗಿಲ ಮುಂದೆ ಸುರಿಯುತ್ತದೆ, ಹಿಂದಿನ ಬೀದಿ ಒಣಗಿರುತ್ತದೆ ಎಂದ. ಕೊಲೆಯ ಮರುಗಳಿಗೆಯಲ್ಲೇ ಒಂದು ಹಾಡು ಬಂದು ಭಯವನ್ನೆಲ್ಲ ತೊಳೆದು ಹಾಕುತ್ತದೆ, ರೋಹಿಣಿಗೆ ಕಣ್ಣೀರು ಕೊಟ್ಟಷ್ಟು ಮಾತು ಕೊಟ್ಟಿಲ್ಲ ಎಂದ. ಆದರೂ ಆ ನೆರಳುಗಳ ಎದುರು ಕೂತಾಗ, ಮನುಷ್ಯನ ಮುಖದ ಅರ್ಧ ಮಾತ್ರ ನಮಗೆ ಕಾಣುತ್ತದೆ, ಉಳಿದರ್ಧ ನಮಗೆ ಗೊತ್ತಿಲ್ಲ ಎಂಬುದನ್ನು ಒಪ್ಪಿಕೊಳ್ಳುವ ಬುದ್ಧಿ ಬರುತ್ತದೆ, ನನಗೆ ಬರಲು ನಲವತ್ತೈದು ವರ್ಷ ಹಿಡಿಯಿತು ಎಂದ. "ನಿಮ್ಮ ಕೈಯಲ್ಲಿರುವ ಮೂರನೆಯ ಪುಟಕ್ಕೆ ಅಡ್ಡಗೀಟು ಹಾಕಿಬಿಡಿ. ಹಾಸ್ಯದ ಪೊಲೀಸು ಬೇಡ ಅಂತ ಬರೆದಿದ್ದೇನೆ, ಅದಕ್ಕೂ ಹಾಕಿ. ಅವನು ಬೇಕು. ಮಲ್ಲಟದ ಶರಣಯ್ಯ ಎಂಬುವರು ಆಗಲೇ ನನ್ನನ್ನು ತಿದ್ದಿದ್ದರು, ಅವರಿಗೆ ನಾನು ಒರಟಾಗಿ ಬರೆದೆ. ಅವರ ಕ್ಷಮೆ ಕೇಳುತ್ತೇನೆ."

ಜನ ಅಷ್ಟಕ್ಕೇ ಬಿಡಲಿಲ್ಲ. ಹಿಂದಿನ ಸಾಲಿನ ಆ ಹುಡುಗಿಯೇ ಎದ್ದು ನಿಂತಳು. "ಸರ್, ತಪ್ಪು ತಿಳಕೋಬ್ಯಾಡ್ರಿ. ಬಾವಿ ಸೀನ್ ನೀವು ಆವಾಗ ನೋಡಿದ್ದಿಲ್ಲೇನ್ರೀ?"

ಹುಸೇನಪ್ಪ ಶಾಲಿನ ಅಂಚಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದ. ಶೇಷಗಿರಿ ಆ ಬೆರಳುಗಳನ್ನು ನೋಡಿದ. ಈ ಮನುಷ್ಯನ ಋಣ ಎಂದುಕೊಂಡ. ಹೇಳಿಬಿಟ್ಟರೆ ಹಗುರಾಗುವುದು ತಾನೊಬ್ಬನೇ.

"ಆಪರೇಟರ್ ಪೂರ್ತಿ ತೋರಿಸಿದ್ರವ್ವಾ," ಎಂದ. "ನಾನು ನೋಡಲಿಲ್ಲ. ಮಕ್ಕೊಂಡಿದ್ದೆ."

ಇಡೀ ಸಭಾಂಗಣ ಗೊಳ್ಳೆಂದಿತು. ಹುಡುಗರು ಕುರ್ಚಿ ಕುಟ್ಟಿದರು, ವಿಶಾಖಾ ಬಾಯಿಗೆ ಕೈ ಇಟ್ಟುಕೊಂಡಳು. ಆ ಗದ್ದಲದ ನಡುವೆ ಮೊದಲ ಸಾಲಿನಿಂದ ಹುಸೇನಪ್ಪ ತಲೆಯೆತ್ತಿ, ನಡುಗುವ ದನಿಯನ್ನು ಆದಷ್ಟು ಏರಿಸಿ ಕೂಗಿದ:

"ಮಕ್ಕೊಂಡಿದ್ರೇನ್ರೀ ಸಾರ್!"

ಜನ ಮತ್ತಷ್ಟು ನಕ್ಕರು. ಶೇಷಗಿರಿ ಮೈಕಿನಿಂದ ಸ್ವಲ್ಪ ಹಿಂದೆ ಸರಿದು, ಅವನೊಬ್ಬನನ್ನೇ ನೋಡುತ್ತ ಕೈ ಮುಗಿದ.

"ಹೌದ್ರೀ ಹುಸೇನಪ್ಪ. ನಿಮ್ಮ ಪುಣ್ಯಾ, ಆವತ್ತು ರಾತ್ರಿ ನಮ್ಮವ್ವನೂ ಮಕ್ಕೊಂಡ್ಲು."

ಅದಕ್ಕೂ ಎಲ್ಲರೂ ನಕ್ಕರು. ಹುಸೇನಪ್ಪ ಮಾತ್ರ ನಗಲಿಲ್ಲ, ಹೊಸ ಶಾಲಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡ.